27 ವಾರಕ್ಕೆ ಹುಟ್ಟಿದ ಮಗಳ ತಲೆಗೆ ಮಿದುಳಿನ ಮಾನಿಟರ್ ಹಾಕಿದ್ದಾರೆ. ಗೆರೆ 5ಕ್ಕಿಂತ ಕೆಳಗಿದ್ದರೆ ಏನರ್ಥ?

ಪುಟ್ಟಿಯ ಅಪ್ಪ:

ಮಗಳು 27 ವಾರಕ್ಕೇ ಹುಟ್ಟಿದಳು. ತೂಕ ಒಂದು ಕೆಜಿಗೆ ಸ್ವಲ್ಪ ಕಡಿಮೆ. ಹುಟ್ಟಿ ಇನ್ನೂ ವಾರ ತುಂಬಿಲ್ಲ. ಮೊದಲು ವೆಂಟಿಲೇಟರ್ ಮೇಲಿದ್ದಳು, ಈಗ ಉಸಿರಿಗೆ ಒತ್ತಡದ ಗಾಳಿ ಕೊಡುವ ಸಿಪ್ಯಾಪ್‌ಗೆ ಬಂದಿದ್ದಾಳೆ. ಹೆಂಡತಿ ಆಪರೇಷನ್ ಆಗಿ ವಾರ್ಡಿನಲ್ಲಿದ್ದಾಳೆ, ಎದ್ದು ಓಡಾಡುವ ಹಾಗಿಲ್ಲ. ನವಜಾತ ಶಿಶುಗಳ ತೀವ್ರ ನಿಗಾ ಘಟಕ, ಅಂದರೆ ಎನ್‌ಐಸಿಯು ಒಳಗೆ ಹೋಗಿ ಬಂದು ಅವಳಿಗೆ ಎಲ್ಲ ಹೇಳುವುದು ನನ್ನ ಕೆಲಸ.

ನಿನ್ನೆ ಸಂಜೆ ಹೋದರೆ ಮಗುವಿನ ತಲೆಗೆ ಎಲೆಕ್ಟ್ರೋಡ್ ಅಂಟಿಸಿದ್ದರು. ವೈರುಗಳೆಲ್ಲ ಗಾಲಿ ಇರುವ ಸ್ಟ್ಯಾಂಡಿನ ಮೇಲಿನ ಒಂದು ಪುಟ್ಟ ಸ್ಕ್ರೀನಿಗೆ ಹೋಗುತ್ತವೆ. ಮಿದುಳಿನ ಚಟುವಟಿಕೆ ನೋಡುವ ಮಾನಿಟರ್ ಅಂತೆ, ಎಇಇಜಿ ಅನ್ನುತ್ತಾರೆ. ತಲೆಯ ಸ್ಕ್ಯಾನ್ ಹಿಂದಿನ ದಿನವೇ ಆಗಿತ್ತು. ರಕ್ತಸ್ರಾವ ಏನೂ ಇಲ್ಲ ಅಂದಿದ್ದರು. ಹಾಗಿದ್ದ ಮೇಲೆ ಇದು ಯಾಕೆ ಅಂತ ಕೇಳಿದೆ. "ಟ್ರೆಂಡ್ ನೋಡ್ತಾ ಇದ್ದೀವಿ" ಅಂದರು ಡ್ಯೂಟಿ ಡಾಕ್ಟರ್. ಅಷ್ಟರಲ್ಲಿ ಪಕ್ಕದ ಮಗುವಿನ ಅಲಾರಂ ಹೊಡೆಯಿತು, ಅವರು ಆ ಕಡೆ ಓಡಿದರು.

ರಾತ್ರಿ ನಿದ್ದೆ ಬರದೆ ನೆಟ್‌ನಲ್ಲಿ ಹುಡುಕಿದೆ. ಸ್ಕ್ರೀನಿನ ಮೇಲಿನ ಪಟ್ಟಿಯ ಕೆಳ ಅಂಚು 5 ಮೈಕ್ರೋವೋಲ್ಟ್‌ಗಿಂತ ಮೇಲಿರಬೇಕು, ಮೇಲಂಚು 10 ದಾಟಬೇಕು, ಆಗ ನಾರ್ಮಲ್ ಎಂದು ಬರೆದಿದ್ದಾರೆ. ನನ್ನ ಮಗಳ ಕೆಳ ಅಂಚು 3ರ ಆಸುಪಾಸಿನಲ್ಲಿದೆ. ಅಲ್ಲಿಂದ ಕೈಕಾಲೇ ಆಡುತ್ತಿಲ್ಲ. ಹೆಂಡತಿಗೆ ಇನ್ನೂ ಹೇಳಿಲ್ಲ.

ಇನ್ನೊಂದು. ಬೆಳಗಿನ ಜಾವ ಮತ್ತೆ ಒಳಗೆ ಬಿಟ್ಟಿದ್ದರು. ಆಗ ಬಲಗಡೆಯ ಪಟ್ಟಿ ಇದ್ದಕ್ಕಿದ್ದಂತೆ ಮೇಲಕ್ಕೆ ಎದ್ದಿತ್ತು. ಹತ್ತಿರದಲ್ಲೇ ಸಿಸ್ಟರ್ ಏನೋ ಗುರುತು ಹಾಕಿದ್ದರು. ಅದು ಫಿಟ್ಸ್ ಇರಬಹುದಾ? ಮಗು ಮಾತ್ರ ಸುಮ್ನೆ ಮಲಗಿತ್ತು. ಆ ಎಲೆಕ್ಟ್ರೋಡ್‌ಗಳಿಂದ ಅವಳಿಗೆ ನೋವಾಗುತ್ತಾ? ಡಾಕ್ಟರ್ ಹತ್ತಿರ ಏನು ಕೇಳಬೇಕು? ಗೊತ್ತಿರುವವರು ದಯವಿಟ್ಟು ಹೇಳಿ.

---

ರಾತ್ರಿಪಾಳಿ:

ಮೊದಲು ನೆಟ್‌ನಲ್ಲಿ ತೆರೆದಿಟ್ಟಿರುವ ಆ ಪುಟ ಮುಚ್ಚಿ. ನಾನು ಎನ್‌ಐಸಿಯು ನರ್ಸ್. ನಿಮ್ಮ ಮಗಳನ್ನು ನೋಡಿಲ್ಲ, ಆದ್ದರಿಂದ ಅವಳ ಬಗ್ಗೆ ತೀರ್ಪು ಕೊಡುವುದಿಲ್ಲ. ಆದರೆ ಆ 5ರ ಲೆಕ್ಕದ ಬಗ್ಗೆ ಹೇಳಬಲ್ಲೆ.

ಅದು ದಿನ ತುಂಬಿ ಹುಟ್ಟಿದ ಮಕ್ಕಳ ಲೆಕ್ಕ. ಹುಟ್ಟುವಾಗ ಆಮ್ಲಜನಕ ಸಾಲದೆ ಮಿದುಳಿಗೆ ಪೆಟ್ಟು ಬಿದ್ದಿರಬಹುದು ಅನ್ನಿಸಿದ ದೊಡ್ಡ ಮಕ್ಕಳಿಗಾಗಿ ಆ 5 ಮತ್ತು 10ರ ಗಡಿ ಬಂದದ್ದು. 27 ವಾರದ ಮಗುವಿಗೆ ಅದನ್ನು ಹಿಡಿದು ಅಳೆಯುವುದೇ ತಪ್ಪು. 24ರಿಂದ 27 ವಾರದ ಮಕ್ಕಳಲ್ಲಿ ಕೆಳ ಅಂಚು 2ರಿಂದ 5ರ ನಡುವೆ ಇರುವುದು ಆ ವಯಸ್ಸಿಗೆ ತಕ್ಕದ್ದು. ನಿಮ್ಮ 3 ಅದರೊಳಗೇ ಇದೆ, ಅಲ್ವಾ?

ಯಾಕೆ ಕಡಿಮೆ ಅಂದರೆ, ಇಷ್ಟು ಬೇಗ ಹುಟ್ಟಿದ ಮಗುವಿನ ಮಿದುಳು ನಿರಂತರವಾಗಿ ಅಲೆ ಹೊರಡಿಸುವುದಿಲ್ಲ. ಒಂದಷ್ಟು ಸೆಕೆಂಡು ಜೋರಾಗಿ ಚಟುವಟಿಕೆ ಬರುತ್ತದೆ. ಆಮೇಲೆ ಒಂದಷ್ಟು ಸೆಕೆಂಡು ಹೆಚ್ಚು ಕಡಿಮೆ ಏನೂ ಇರುವುದಿಲ್ಲ. ಮತ್ತೆ ಬರುತ್ತದೆ. ಏನೂ ಇಲ್ಲದ ಆ ಸಮಯವೇ ಪಟ್ಟಿಯ ಕೆಳ ಅಂಚನ್ನು ಕೆಳಗೆ ಎಳೆಯುತ್ತದೆ. ವಾರಗಳು ಕಳೆದ ಹಾಗೆ ಆ ಬಿಡುವು ಚಿಕ್ಕದಾಗುತ್ತದೆ, ಅಂಚು ನಿಧಾನಕ್ಕೆ ಮೇಲೆ ಬರುತ್ತದೆ. 30 ವಾರದ ಹೊತ್ತಿಗೆ ಪಟ್ಟಿ ಒಮ್ಮೆ ಅಗಲವಾಗಿ, ಒಮ್ಮೆ ಕಿರಿದಾಗಿ ಏರಿಳಿಯುವುದು ಕಣ್ಣಿಗೆ ಕಾಣತೊಡಗುತ್ತದೆ. ಅದು ನಿದ್ದೆ ಎಚ್ಚರದ ಸುತ್ತು. ಕೆಲವು ಮಕ್ಕಳಲ್ಲಿ ಅದರ ಸುಳಿವು ಇನ್ನೂ ಮೊದಲೇ ಸಿಗುತ್ತದೆ. ನನಗೆ ಆ ಸ್ಕ್ರೀನಿನಲ್ಲಿ ನೋಡಲು ತುಂಬ ಇಷ್ಟವಾದದ್ದು ಅದೇ. ಡಾಕ್ಟರು "ಟ್ರೆಂಡ್" ಅಂದದ್ದು ಇದನ್ನೇ. ಈ ಬೆಳವಣಿಗೆಗೆ ಅಂಕ ಕೊಡುವ ಪದ್ಧತಿಯೂ ಇದೆ. 2003ರಲ್ಲಿ ಬಂದ ಬುರ್ಜಾಲೋವ್ ಸ್ಕೋರ್ ಅದರಲ್ಲಿ ಒಂದು, ಪೂರ್ತಿ ಅಂಕ 13. ಚಿಕ್ಕ ಮಗುವಿಗೆ ಕಡಿಮೆ ಅಂಕ ಬರುವುದೇ ಸಹಜ, ಅದನ್ನು ಪರೀಕ್ಷೆಯ ಮಾರ್ಕ್ಸ್ ಅಂದುಕೊಳ್ಳಬೇಡಿ.

ಸ್ಕ್ಯಾನ್ ಚೆನ್ನಾಗಿದ್ದರೂ ಇದು ಯಾಕೆ ಅಂತ ಕೇಳಿದ್ದೀರಿ. ನೆತ್ತಿಯ ಮೆತ್ತಗಿನ ಜಾಗದಲ್ಲಿ ಪ್ರೋಬ್ ಇಟ್ಟು ನೋಡುವ ಅಲ್ಟ್ರಾಸೌಂಡ್ ಮಿದುಳಿನ ರಚನೆ ತೋರಿಸುತ್ತದೆ. ರಕ್ತ ಸೋರಿದೆಯಾ, ಒಳಗಿನ ನೀರಿನ ಕೋಣೆಗಳು ದೊಡ್ಡದಾಗಿವೆಯಾ ಅನ್ನುವುದು ಅದರಲ್ಲಿ ಗೊತ್ತಾಗುತ್ತದೆ. ಮಿದುಳು ಈ ಗಳಿಗೆಯಲ್ಲಿ ಹೇಗೆ ಕೆಲಸ ಮಾಡುತ್ತಿದೆ ಅನ್ನುವುದು ಗೊತ್ತಾಗುವುದಿಲ್ಲ. ಜೊತೆಗೆ, ಇಷ್ಟು ಚಿಕ್ಕ ಮಕ್ಕಳಲ್ಲಿ ಮಿದುಳಿನೊಳಗೆ ರಕ್ತಸ್ರಾವ ಆಗುವುದಿದ್ದರೆ ಹೆಚ್ಚಾಗಿ ಮೊದಲ 72 ಗಂಟೆಯೊಳಗೇ ಆಗುತ್ತದೆ. ಆ ಹೊತ್ತು ದಾಟಿದ ಮೇಲೆ ಸ್ಕ್ಯಾನ್ ಚೆನ್ನಾಗಿದೆ ಅಂದರೆ ಅದು ನಿಜಕ್ಕೂ ಒಳ್ಳೆ ಸುದ್ದಿ. ಹೆಂಡತಿಗೆ ಮೊದಲು ಇದನ್ನು ಹೇಳಿ.

ಫಿಟ್ಸ್ ವಿಚಾರ ಸ್ವಲ್ಪ ಸೂಕ್ಷ್ಮ. ನವಜಾತ ಮಕ್ಕಳ ಫಿಟ್ಸ್‌ನಲ್ಲಿ ಬಹುಪಾಲು ಹೊರಗೆ ಕಾಣುವುದೇ ಇಲ್ಲ. ಕೈಕಾಲು ಅದುರುವುದಿಲ್ಲ, ಕಣ್ಣು ಮೇಲೆ ಹೋಗುವುದಿಲ್ಲ, ಮಗು ಮಲಗಿದ ಹಾಗೇ ಇರುತ್ತದೆ. ಇದರ ಉಲ್ಟಾ ಕೂಡ ನಿಜ. ಕಾಲು ಸೈಕಲ್ ತುಳಿದ ಹಾಗೆ ಆಡಿಸುವುದು, ತುಟಿ ಚಪ್ಪರಿಸುವುದು, ಬೆಚ್ಚಿ ಬೀಳುವುದು ಎಷ್ಟೋ ಸಲ ಫಿಟ್ಸ್ ಆಗಿರುವುದಿಲ್ಲ. ಫಿಟ್ಸ್ ಔಷಧಿ ಫಿನೋಬಾರ್ಬಿಟೋನ್ ಕೊಟ್ಟ ಮೇಲೆ ಅದುರು ನಿಂತು, ಒಳಗೆ ವಿದ್ಯುತ್ ಚಟುವಟಿಕೆ ಮಾತ್ರ ಮುಂದುವರಿಯುವುದೂ ಉಂಟು. ಬರೀ ಕಣ್ಣನ್ನು ನಂಬಿ ಔಷಧಿ ಕೊಟ್ಟರೆ ಬೇಡದ ಮಗುವಿಗೆ ಕೊಟ್ಟು, ಬೇಕಾದ ಮಗುವಿಗೆ ಬಿಡುವ ಸಾಧ್ಯತೆ ಇದೆ. ಈ ಮಾನಿಟರ್ ಹಾಕುವುದಕ್ಕೆ ಅದೊಂದೇ ಕಾರಣ ಸಾಕು ಅನ್ನುತ್ತೇನೆ ನಾನು.

ನಿಮ್ಮ ಮಗಳ ಪಟ್ಟಿ ಮೇಲೆ ಎದ್ದದ್ದು ಏನು ಅಂತ ಇಲ್ಲಿಂದ ಹೇಳಲಾಗದು. ಆದರೆ ಸಿಸ್ಟರ್ ಗುರುತು ಹಾಕಿದ್ದು ಒಳ್ಳೆಯದೇ. ಮಗುವನ್ನು ಮುಟ್ಟಿದಾಗ, ಮಗ್ಗುಲು ಬದಲಿಸಿದಾಗ, ಬಾಯಿ ಮೂಗಿನ ಕಫ ಎಳೆದು ತೆಗೆದಾಗ (ಸಕ್ಷನ್), ಡೈಪರ್ ತೆಗೆದಾಗ, ಹಿಮ್ಮಡಿಗೆ ಚುಚ್ಚಿ ರಕ್ತ ತೆಗೆದಾಗ ನಾವು ಸ್ಕ್ರೀನಿನಲ್ಲಿ ಗುರುತು ಒತ್ತುತ್ತೇವೆ. ಇಲ್ಲದಿದ್ದರೆ ಬೆಳಿಗ್ಗೆ ರೌಂಡ್ಸಿಗೆ ಬಂದವರು ಅದನ್ನು ಫಿಟ್ಸ್ ಅಂದುಕೊಳ್ಳುತ್ತಾರೆ. ಆ ಗುರುತು ಯಾವುದಕ್ಕೆ ಅಂತ ಅವರನ್ನೇ ಕೇಳಿ. ಕೇಳಿದರೆ ಯಾರೂ ಬೈಯುವುದಿಲ್ಲ, ಬೈದರೆ ಅವರದೇ ತಪ್ಪು.

ನೋವಿನ ಬಗ್ಗೆ: ತಲೆಯೊಳಗೆ ಕರೆಂಟ್ ಹೋಗುವುದಿಲ್ಲ. ಯಂತ್ರ ಕೇಳಿಸಿಕೊಳ್ಳುತ್ತದೆ, ಅಷ್ಟೇ. ಕಷ್ಟ ಇರುವುದು ಚರ್ಮದ್ದು. 27 ವಾರದ ಚರ್ಮ ಎಷ್ಟು ತೆಳುವೆಂದರೆ, ಅಂಟಿದ್ದನ್ನು ಒಣಗಿದಾಗ ಎಳೆದರೆ ಜೊತೆಗೆ ಸಿಪ್ಪೆಯೂ ಬರುತ್ತದೆ. ಅದಕ್ಕೇ ಜೆಲ್ ಇರುವ ಮೆತ್ತನೆ ಎಲೆಕ್ಟ್ರೋಡ್ ಹಾಕಿ, ತೆಗೆಯುವಾಗ ಉಗುರು ಬೆಚ್ಚಗಿನ ನೀರಲ್ಲಿ ಚೆನ್ನಾಗಿ ನೆನೆಸಿ ಬಿಡಿಸುತ್ತೇವೆ. ತೆಳ್ಳಗಿನ ಸೂಜಿಯಂಥ ಎಲೆಕ್ಟ್ರೋಡ್ ಕೂಡ ಇವೆ, ಇಷ್ಟು ಪುಟ್ಟ ತಲೆಗೆ ಅವು ನನಗೆ ಇಷ್ಟವಿಲ್ಲ. ಸಿಪ್ಯಾಪ್ ಟೋಪಿ ಬೇರೆ ಅದೇ ಜಾಗಕ್ಕೆ ಬಂದು ಕೂರುತ್ತದೆ. ಟೋಪಿಯ ಕೆಳಗೆ ಎಲೆಕ್ಟ್ರೋಡ್ ಒತ್ತಿ ಗುಂಡಗೆ ಕೆಂಪು ಕಲೆ ಆಗುವುದುಂಟು. ಪ್ರತಿ ಪಾಳಿಯಲ್ಲೂ ನಾವು ಅದನ್ನು ನೋಡಬೇಕು. ಸಿಸ್ಟರ್ ಟೋಪಿ ಸರಿಸಿ ನೋಡುವಾಗ ನೀವೂ ಇಣುಕಿ ನೋಡಿ.

ನನ್ನ ಒಂದು ದೂರು ಇದೆ, ಹೇಳಿಬಿಡುತ್ತೇನೆ. ಎಷ್ಟೋ ಕಡೆ ಆ ಸ್ಕ್ರೀನನ್ನು ಅಪ್ಪ ಅಮ್ಮನ ಮುಖಕ್ಕೆ ತಿರುಗಿಸಿಟ್ಟು, ಒಂದು ಮಾತೂ ವಿವರಿಸದೆ ಹೋಗುತ್ತಾರೆ. ಹೃದಯದ ಮಾನಿಟರ್ ಜನಕ್ಕೆ ಅಷ್ಟೋ ಇಷ್ಟೋ ಗೊತ್ತು. ಇದು ಗೊತ್ತಿಲ್ಲ. ಎಲೆಕ್ಟ್ರೋಡ್ ಹಾಕುವವರೇ ಎರಡು ನಿಮಿಷ ನಿಂತು ಹೇಳಬೇಕು.

---

ತಂತಿವಾದ್ಯ:

ನಾನು ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆಯ ಟೆಕ್ನೀಷಿಯನ್. ಸಿಸ್ಟರ್ ಹೇಳಿದ್ದಕ್ಕೆ ಯಂತ್ರದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಇದು ಗೊತ್ತಿದ್ದರೆ ಸ್ಕ್ರೀನ್ ಅಷ್ಟು ಹೆದರಿಸುವುದಿಲ್ಲ.

ಇದು ಹೊಸ ಯಂತ್ರವೇನಲ್ಲ. 1960ರ ದಶಕದ ಕೊನೆಗೆ ಲಂಡನ್ನಿನಲ್ಲಿ ಡಗ್ಲಾಸ್ ಮೇನಾರ್ಡ್ ಮತ್ತು ಪಮೇಲಾ ಪ್ರಯರ್ ಇದರ ಮೊದಲ ರೂಪ ಮಾಡಿದರು. ಆಗ ಅದು ದೊಡ್ಡವರಿಗೆ. ತೀವ್ರ ನಿಗಾದಲ್ಲಿ ಇರುವವರ ಮಿದುಳನ್ನು ಗಂಟೆಗಟ್ಟಲೆ ಗಮನಿಸುವ ಸರಳ ಉಪಾಯ ಬೇಕಿತ್ತು. 1980ರ ದಶಕದಲ್ಲಿ ಸ್ವೀಡನ್ನಿನ ಲುಂಡ್‌ನ ವೈದ್ಯರು ನವಜಾತ ಶಿಶುಗಳಲ್ಲಿ ಇದನ್ನು ಚೆನ್ನಾಗಿ ಬಳಸಿ ತೋರಿಸಿದರು.

ಪೂರ್ತಿ ಇಇಜಿಯಲ್ಲಿ ತಲೆ ತುಂಬ ಎಲೆಕ್ಟ್ರೋಡ್ ಇರುತ್ತವೆ, ಓದುವುದಕ್ಕೆ ತಜ್ಞರೇ ಬೇಕು. ಎಇಇಜಿಯಲ್ಲಿ ಎಡಕ್ಕೆ ಒಂದು ಜೊತೆ, ಬಲಕ್ಕೆ ಒಂದು ಜೊತೆ, ಇನ್ನೊಂದು ಗ್ರೌಂಡ್. ಯಂತ್ರ ಸುಮಾರು 2ರಿಂದ 15 ಹರ್ಟ್ಜ್ ನಡುವಿನ ಅಲೆಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಋಣ ಭಾಗವನ್ನೂ ಧನ ಭಾಗಕ್ಕೆ ಮಡಚುತ್ತದೆ. ಆಮೇಲೆ ಸಮಯವನ್ನು ಕುಗ್ಗಿಸುತ್ತದೆ. ಒಂದು ಗಂಟೆಯ ಚಟುವಟಿಕೆ ಬರೀ 6 ಸೆಂಟಿಮೀಟರಿನಲ್ಲಿ ಬಂದು ಕೂರುತ್ತದೆ. ಹಾಗಾಗಿ ನಿಮಗೆ ಅಲೆ ಕಾಣದೆ ಅಗಲವಾದ ಪಟ್ಟಿ ಕಾಣುತ್ತದೆ. ಪಕ್ಕದ ಅಳತೆಗೋಲೂ ವಿಚಿತ್ರ. 10ರ ತನಕ ಸಮ ಅಂತರ, 10ರಿಂದ 100ರ ತನಕ ಲಾಗ್ ಅಂತರ, ಅಂದರೆ ಮೇಲೆ ಹೋದ ಹಾಗೆ ಒತ್ತೊತ್ತಾಗುವ ಅಂತರ. ಕೆಳಗಿನ ಸಣ್ಣ ಬದಲಾವಣೆ ಕಣ್ಣಿಗೆ ದೊಡ್ಡದಾಗಿ ಕಾಣಲಿ ಅಂತಲೇ ಹಾಗೆ ಮಾಡಿದ್ದಾರೆ. 3 ಮತ್ತು 5ರ ನಡುವಿನ ವ್ಯತ್ಯಾಸ ಸ್ಕ್ರೀನಿನಲ್ಲಿ ಎದ್ದು ಕಾಣುವುದು ಅದಕ್ಕೇ.

ಇದರ ಮಿತಿ ದೊಡ್ಡ ಹಾಲ್‌ನಲ್ಲಿ ಎರಡೇ ಮೈಕ್ ಇಟ್ಟ ಹಾಗೆ. ಮೈಕ್ ಹತ್ತಿರದ ಗದ್ದಲ ಸಿಗುತ್ತದೆ. ದೂರದ ಮೂಲೆಯ ಪಿಸುಮಾತು ಸಿಗುವುದಿಲ್ಲ. ಫಿಟ್ಸ್ ತುಂಬ ಚಿಕ್ಕದಾಗಿದ್ದರೆ, ವೋಲ್ಟೇಜ್ ಕಡಿಮೆ ಇದ್ದರೆ, ಎಲೆಕ್ಟ್ರೋಡ್‌ನಿಂದ ದೂರದಲ್ಲಿ ಆದರೆ ತಪ್ಪಿಹೋಗಬಹುದು. ಮಿದುಳಿನದಲ್ಲದ ಸದ್ದೂ ಒಳಗೆ ಬರುತ್ತದೆ. ಹೃದಯದ ಬಡಿತ, ಸ್ನಾಯುಗಳ ಸೆಳೆತ, ಚೀಪುವುದು, ಬೆನ್ನು ತಟ್ಟುವುದು, ಹೈ ಫ್ರೀಕ್ವೆನ್ಸಿ ವೆಂಟಿಲೇಟರಿನ ಅದುರು, ಎಲ್ಲವೂ ಪಟ್ಟಿಯನ್ನು ಮೇಲಕ್ಕೆ ಎತ್ತಬಲ್ಲವು. ಎಲೆಕ್ಟ್ರೋಡ್‌ಗಳು ತೀರಾ ಹತ್ತಿರ ಇದ್ದರೆ, ನೆತ್ತಿ ಊದಿಕೊಂಡಿದ್ದರೆ ಪಟ್ಟಿ ಸುಳ್ಳಾಗಿ ಕೆಳಗಿಳಿಯುತ್ತದೆ. ಪುಟ್ಟ ತಲೆಯಲ್ಲಿ ಜಾಗವೇ ಇಲ್ಲ, ಆದ್ದರಿಂದ ಟೇಪ್ ಹಿಡಿದು ಅಳೆದು ಹಾಕಬೇಕು. ಅಂದಾಜಿನಲ್ಲಿ ಹಾಕಿದ್ದನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಆದ್ದರಿಂದ ಪಟ್ಟಿ ಎದ್ದ ಕೂಡಲೇ ಎರಡು ವಿಷಯ ನೋಡಬೇಕು. ಒಂದು, ಆ ಹೊತ್ತಿನ ಇಂಪೀಡೆನ್ಸ್, ಅಂದರೆ ಎಲೆಕ್ಟ್ರೋಡ್‌ಗೂ ಚರ್ಮಕ್ಕೂ ನಡುವಿನ ವಿದ್ಯುತ್ ತಡೆ ಎಷ್ಟಿತ್ತು. ಅದು ಜಾಸ್ತಿ ಇದ್ದರೆ ಎಲೆಕ್ಟ್ರೋಡ್ ಸರಿಯಾಗಿ ಅಂಟಿಲ್ಲ ಅಂತ, ಗೆರೆಯನ್ನು ನಂಬುವ ಹಾಗಿಲ್ಲ. ಇನ್ನೊಂದು, ಆ ಜಾಗದ ಮೂಲ ಇಇಜಿ. ಈಗಿನ ಯಂತ್ರಗಳಲ್ಲಿ ಪಟ್ಟಿಯ ಮೇಲೆ ಬೆರಳಿಟ್ಟರೆ ಆ ಸೆಕೆಂಡುಗಳ ಅಲೆ ತೆರೆದುಕೊಳ್ಳುತ್ತದೆ. ಫಿಟ್ಸ್ ಆದರೆ ಒಂದೇ ಥರದ ಅಲೆ ಮರುಕಳಿಸುತ್ತಾ, ಕ್ರಮೇಣ ಆಕಾರ ಬದಲಿಸುತ್ತಾ ಹೋಗುತ್ತದೆ. ಅದಿಲ್ಲದೆ ಬರೀ ಪಟ್ಟಿ ನೋಡಿ ಫಿಟ್ಸ್ ಅನ್ನುವವರನ್ನು ನಾನು ನಂಬುವುದಿಲ್ಲ.

ಯಂತ್ರವೇ ಫಿಟ್ಸ್ ಹಿಡಿದು ಹೇಳುವ ಸಾಫ್ಟ್‌ವೇರ್ ಬಗ್ಗೆಯೂ ಈಗ ತುಂಬ ಕೇಳುತ್ತೀರಿ. 2020ರಲ್ಲಿ ಪ್ರಕಟವಾದ ಆನ್ಸರ್ ಅನ್ನುವ ಪರೀಕ್ಷೆಯಲ್ಲಿ 264 ಮಕ್ಕಳಿದ್ದರು. ಫಿಟ್ಸ್ ಇದ್ದ ಗಂಟೆಗಳಲ್ಲಿ ಸಾಫ್ಟ್‌ವೇರ್ ನೆರವಿದ್ದ ವೈದ್ಯರು 66.0% ಗುರುತಿಸಿದರು, ನೆರವಿಲ್ಲದವರು 45.3%. ಆದರೆ ಯಾವ ಮಗುವಿಗೆ ಫಿಟ್ಸ್ ಇದೆ ಎಂದು ಹೇಳುವುದರಲ್ಲಿ ಒಟ್ಟಾರೆ ಹೆಚ್ಚಿನ ವ್ಯತ್ಯಾಸ ಬರಲಿಲ್ಲ. ಅದೂ ದಿನ ತುಂಬಿದ, ಇಲ್ಲವೇ ತುಂಬಲು ಸ್ವಲ್ಪವೇ ಬಾಕಿ ಇದ್ದ ಮಕ್ಕಳಲ್ಲಿ. 27 ವಾರದ ಮಗುವಿನ ಅಲೆ ಬೇರೆ ಥರ, ಅಲ್ಲಿನ ಅಂಕಿ ಇಲ್ಲಿಗೆ ತಂದು ಹಾಕಬಾರದು.

---

ಎರಡು ಜಡೆ:

ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ನನ್ನ ಮಗ 29 ವಾರಕ್ಕೆ ಹುಟ್ಟಿದವನು. ಈಗ ಶಾಲೆಗೆ ಹೋಗುತ್ತಾನೆ, ಮಾತು ನಿಲ್ಲಿಸುವುದಿಲ್ಲ. ಇದು ನಿಮ್ಮ ಮಗಳಿಗೆ ಭರವಸೆ ಅಂತ ಹೇಳುತ್ತಿಲ್ಲ. ಪ್ರತಿ ಮಗುವಿನ ಕಥೆ ಬೇರೆ.

ಒಂದು ಮಾತು. ಸ್ಕ್ರೀನಿನ ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ನನ್ನ ಮೈದುನ ಹಾಕಿದ್ದ. ರಾತ್ರಿಯೊಳಗೆ ಎಲ್ಲರೂ ತಜ್ಞರಾದರು. ಒಬ್ಬರು ಕೆಳಗಿನ ಗೆರೆ ನೋಡಿ ಅತ್ತರು, ಇನ್ನೊಬ್ಬರು ಆಸ್ಪತ್ರೆ ಬದಲಿಸಿ ಅಂದರು. ಆ ಎಲ್ಲ ಫೋನಿಗೆ ಉತ್ತರ ಕೊಟ್ಟಿದ್ದು ನಾನು, ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು.

ರೌಂಡ್ಸ್ ಹೊತ್ತಿಗೆ ಅಲ್ಲೇ ಇರಿ. "ನಾರ್ಮಲ್ಲಾ?" ಅಂತ ಕೇಳಿದರೆ "ನೋಡೋಣ" ಅನ್ನುತ್ತಾರೆ. "ನಿನ್ನೆಗೂ ಇವತ್ತಿಗೂ ಏನು ಬದಲಾಗಿದೆ?" ಅಂತ ಕೇಳಿದರೆ ಸ್ಕ್ರೀನ್ ಹಿಂದಕ್ಕೆ ಸರಿಸಿ ತೋರಿಸುತ್ತಾರೆ. ನಮ್ಮ ಡಾಕ್ಟರ್ ಹಾಗೆ ತೋರಿಸಿದ ಮೇಲೇ ನನಗೆ ಅದರ ತಲೆಬುಡ ಅರ್ಥವಾದದ್ದು.

ಮತ್ತೆ, ವೈರು ಇದೆ ಅಂತ ಮುಟ್ಟಲು ಹೆದರಬೇಡಿ. ಸಿಸ್ಟರ್ ಒಪ್ಪಿದರೆ ಎರಡೂ ಕೈ ಇಟ್ಟು ಸುಮ್ನೆ ಹಿಡಿದುಕೊಳ್ಳಿ. ಇಷ್ಟು ಚಿಕ್ಕ ಮಕ್ಕಳಿಗೆ ಸವರುವುದಕ್ಕಿಂತ ಹಾಗೆ ಹಿಡಿಯುವುದು ಹಿತ ಅಂತ ನನಗೆ ಹೇಳಿಕೊಟ್ಟಿದ್ದರು. ನಿಮ್ಮ ಹೆಂಡತಿ ಎದ್ದು ಬಂದ ಮೇಲೆ ಎದೆಗೆ ಹಾಕಿಕೊಳ್ಳಬಹುದಾ ಕೇಳಿ. ನನ್ನ ಮಗನನ್ನು ಎಲೆಕ್ಟ್ರೋಡ್ ಸಮೇತ ನನ್ನ ಎದೆ ಮೇಲೆ ಮಲಗಿಸಿದ್ದರು. ಸ್ಟ್ಯಾಂಡಿಗೆ ಗಾಲಿ ಇದೆಯಲ್ಲ, ಕುರ್ಚಿ ಪಕ್ಕಕ್ಕೆ ಎಳೆದುಕೊಂಡರು.

---

ಪುಟ್ಟಿಯ ಅಪ್ಪ:

ಎಲ್ಲರಿಗೂ ಕೈ ಮುಗಿದೆ. ಬೆಳಿಗ್ಗೆ ರೌಂಡ್ಸಿನಲ್ಲಿ ನಿಂತು ಕೇಳಿದೆ. ಆ ಗುರುತು ಮಗುವನ್ನು ಮಗ್ಗುಲು ಬದಲಿಸಿದ್ದಕ್ಕೆ. ಆಮೇಲೆ ಟೋಪಿಯ ಕೆಳಗೆ ಬಲಗಡೆಯ ಒಂದು ಎಲೆಕ್ಟ್ರೋಡ್ ಸಡಿಲವಾಗಿತ್ತಂತೆ. ಡಾಕ್ಟರ್ ಸ್ಕ್ರೀನ್ ಹಿಂದಕ್ಕೆ ಸರಿಸಿ ಇಂಪೀಡೆನ್ಸ್ ಗೆರೆ ತೋರಿಸಿದರು. ಪಟ್ಟಿ ಎದ್ದ ಜಾಗದಲ್ಲೇ ಅದೂ ಏರಿತ್ತು. ಎಡಗಡೆ ಏನೂ ಬದಲಾಗಿರಲಿಲ್ಲ. ಮೂಲ ಅಲೆಯನ್ನೂ ತೆರೆದು ನೋಡಿದರು, ಫಿಟ್ಸ್ ಅಲ್ಲ ಅಂದರು. ಹೊಸ ಎಲೆಕ್ಟ್ರೋಡ್ ಹಾಕಿದ್ದಾರೆ. ಹೆಂಡತಿಗೆ ಎಲ್ಲ ಹೇಳಿದೆ. ಮೊದಲೇ ಯಾಕೆ ಹೇಳಲಿಲ್ಲ ಅಂತ ಬೈದಳು.

ಈಗ ಇನ್ನೆರಡು ಪ್ರಶ್ನೆ. ವೆಂಟಿಲೇಟರ್ ಮೇಲಿದ್ದಾಗ ಕೊಟ್ಟ ನೋವಿನ ಔಷಧಿಯಿಂದ ಗೆರೆ ಕೆಳಗೆ ಬರುತ್ತದಾ? ಮತ್ತೆ ಈ ಗೆರೆ ನೋಡಿ ಮುಂದೆ ಮಗು ಹೇಗಿರುತ್ತದೆ ಅಂತ ಹೇಳಬಹುದಾ? ಡಾಕ್ಟರ್ ಹತ್ತಿರ ಇದನ್ನು ಕೇಳಲು ಬಾಯಿ ಬರಲಿಲ್ಲ.

---

ರಾತ್ರಿಪಾಳಿ:

ಬರುತ್ತದೆ. ಮಾರ್ಫಿನ್ ಮತ್ತು ಫಿನೋಬಾರ್ಬಿಟೋನ್ ಎರಡೂ ಪಟ್ಟಿಯನ್ನು ಕೆಳಗಿಳಿಸುತ್ತವೆ. ಶ್ವಾಸಕೋಶ ಅರಳಿಕೊಂಡಿರಲು ಕೊಡುವ ಸರ್ಫ್ಯಾಕ್ಟಂಟ್ ಔಷಧಿ ಕೊಟ್ಟ ಮೇಲೂ ಸ್ವಲ್ಪ ಹೊತ್ತು ಇಳಿಯುವುದನ್ನು ನೋಡಿದ್ದಾರೆ. ರಕ್ತದಲ್ಲಿ ಸಕ್ಕರೆ ಕಡಿಮೆಯಾದರೆ, ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾದರೆ ಕೂಡ ಹಾಗೇ. ಆದ್ದರಿಂದ ಗೆರೆ ನೋಡುವಾಗ ಪಕ್ಕದಲ್ಲಿ ಔಷಧಿ ಚಾರ್ಟ್ ಮತ್ತು ಬ್ಲಡ್ ಗ್ಯಾಸ್ ರಿಪೋರ್ಟ್ ಇಟ್ಟುಕೊಂಡೇ ನೋಡಬೇಕು.

ಮುಂದಿನ ವಿಚಾರ ನೇರವಾಗಿ ಹೇಳುತ್ತೇನೆ. ಒಂದು ದಿನದ ಗೆರೆ ನೋಡಿ 27 ವಾರದ ಮಗುವಿನ ಭವಿಷ್ಯ ಹೇಳುವ ಹಾಗಿಲ್ಲ. ದಿನಗಟ್ಟಲೆ ಗೆರೆ ವಯಸ್ಸಿಗೆ ತಕ್ಕಂತೆ ಮೇಲೆ ಬರದಿದ್ದರೆ, ಬಿಡುವು ದೊಡ್ಡದಾಗುತ್ತಾ ಹೋದರೆ, ಎಡಕ್ಕೂ ಬಲಕ್ಕೂ ತುಂಬ ವ್ಯತ್ಯಾಸ ಉಳಿದರೆ ಡಾಕ್ಟರು ಇನ್ನಷ್ಟು ಹುಡುಕುತ್ತಾರೆ. ಮತ್ತೆ ಸ್ಕ್ಯಾನ್, ಪೂರ್ತಿ ಇಇಜಿ, ಬೇಕಾದರೆ ದಿನ ತುಂಬುವ ಹೊತ್ತಿಗೆ ಎಂಆರ್‌ಐ. ಎಲ್ಲವನ್ನೂ ಜೋಡಿಸಿದ ಮೇಲೂ ಅವರು "ಸಾಧ್ಯತೆ" ಅನ್ನುವ ಮಾತನ್ನೇ ಆಡುತ್ತಾರೆ. ಅದು ನುಣುಚಿಕೊಳ್ಳುವುದಲ್ಲ.

ಮಾನಿಟರ್ ಹಾಕಿದರೇ ಮಗು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ ಅನ್ನುವ ಮಾತನ್ನೂ ನಂಬಬೇಡಿ. ಹಣೆಗೆ ಅಂಟಿಸಿ ಬೆಳಕಿನಿಂದ ಮಿದುಳಿನ ಆಮ್ಲಜನಕ ನೋಡುವ ಇನ್ನೊಂದು ಸಾಧನ ಇದೆ, ನಿರ್ಸ್ ಅಂತ. 28 ವಾರ ತುಂಬದ 1,601 ಮಕ್ಕಳಲ್ಲಿ ಮೊದಲ 72 ಗಂಟೆ ಅದನ್ನು ನೋಡಿಕೊಂಡು ಚಿಕಿತ್ಸೆ ಕೊಟ್ಟರೆ ಲಾಭವಾ ಅಂತ ಸೇಫ್‌ಬೂಸ್ಕ್ 3 ಪರೀಕ್ಷೆಯಲ್ಲಿ ನೋಡಿದರು. ಫಲಿತಾಂಶ 2023ರಲ್ಲಿ ಬಂತು. ಸಾವು ಅಥವಾ ಮಿದುಳಿನ ತೀವ್ರ ಹಾನಿ ಕಡಿಮೆಯಾಗಲಿಲ್ಲ. ಸಾಧನ ಮಾಹಿತಿ ಕೊಡುತ್ತದೆ. ಆ ಮಾಹಿತಿ ಇಟ್ಟುಕೊಂಡು ಏನು ಮಾಡಬೇಕು ಅನ್ನುವುದನ್ನು ನಾವು ಇನ್ನೂ ಕಲಿಯುತ್ತಿದ್ದೇವೆ.

ಕೇಳಲು ಬಾಯಿ ಬರದಿದ್ದರೆ ಚೀಟಿಯಲ್ಲಿ ಬರೆದು ಸಿಸ್ಟರ್ ಕೈಗೆ ಕೊಡಿ, ನಾವು ರೌಂಡ್ಸಿನಲ್ಲಿ ಕೇಳುತ್ತೇವೆ. ಬಿಡುಗಡೆಯ ಹೊತ್ತಿಗೆ ಬೆಳವಣಿಗೆ ತಪಾಸಣೆಗೆ ಯಾವಾಗ ಬರಬೇಕು ಅಂತ ಬರೆಸಿಕೊಳ್ಳಿ. ಆಗ ಮಗುವಿನ ವಯಸ್ಸನ್ನು ಹುಟ್ಟಿದ ದಿನದಿಂದ ಎಣಿಸುವುದಿಲ್ಲ, ಹುಟ್ಟಬೇಕಿದ್ದ ದಿನದಿಂದ ಎಣಿಸುತ್ತಾರೆ. ಇದನ್ನು ಮನೆಯವರಿಗೆ ಈಗಲೇ ಹೇಳಿಟ್ಟರೆ, ಪಕ್ಕದ ಮನೆಯ ಮಗು ಕೂತಿತು ನಮ್ಮದು ಇನ್ನೂ ಕೂತಿಲ್ಲ ಅನ್ನುವ ಮಾತು ಅರ್ಧ ಕಡಿಮೆಯಾಗುತ್ತದೆ.